ನಿನ್ನೆ ಚೆನ್ನಾಗಿದ್ದ ಕೋಳಿ ಇವತ್ತು ಸತ್ತಿದೆ: ಹಿತ್ತಲ ಕೋಳಿಗಳ ಹಠಾತ್ ಸಾವಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾಟಿ ಕೋಳಿಯನ್ನೋ ಗಿರಿರಾಜ, ಸ್ವರ್ಣಧಾರ ತಳಿಯನ್ನೋ ಹಿತ್ತಲಲ್ಲಿ, ತೋಟದಲ್ಲಿ ಮೇಯಲು ಬಿಟ್ಟು ಸಾಕುವವರು, ಈಚೆಗೆ ನಗರಗಳಲ್ಲಿ ತಾರಸಿಯ ಮೇಲೆ ನಾಲ್ಕು ಕೋಳಿ ಇಟ್ಟುಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಸಾವಿರಗಟ್ಟಲೆ ಕೋಳಿಯ ಫಾರಂಗಳ ಲೆಕ್ಕಾಚಾರ ಬೇರೆ, ಅದು ಇಲ್ಲಿಲ್ಲ.

ಸಂಜೆ ಮೇಯ್ದು ಗೂಡು ಸೇರಿದ ಹೇಂಟೆ ಬೆಳಿಗ್ಗೆ ಸತ್ತು ಬಿದ್ದಿತ್ತು. ಏನಾಗಿರಬಹುದು?

ಇಷ್ಟನ್ನೇ ಕೇಳಿ ರೋಗದ ಹೆಸರು ಹೇಳುವವರನ್ನು ನಂಬಬೇಡಿ. ಮೊದಲು ನಾಲ್ಕು ವಿಷಯ ಗೊತ್ತಾಗಬೇಕು. ಸತ್ತಿದ್ದು ಒಂದೋ, ಹಲವೋ? ವಯಸ್ಸೆಷ್ಟು, ಮೊಟ್ಟೆ ಇಡುತ್ತಿತ್ತೋ? ಸತ್ತ ಹೊತ್ತು ಯಾವುದು? ಹಿಂದಿನ ಎರಡು ದಿನ ಎಲ್ಲಿ ಮೇಯ್ದಿತ್ತು, ಏನು ತಿಂದಿತ್ತು?

ಮೊಟ್ಟೆ ಇಡುವ ಒಂದೇ ಒಂದು ಹೇಂಟೆ ಸತ್ತು, ಮಿಕ್ಕವು ಎಂದಿನಂತೆ ಕಾಳು ಹೆಕ್ಕುತ್ತಿದ್ದರೆ ಆ ಕೋಳಿಯ ಹೊಟ್ಟೆಯೊಳಗೇ ಏನೋ ಆಗಿದೆ ಎನ್ನುವುದು ಮೊದಲ ಅನುಮಾನ: ಲಿವರ್ ಒಡೆದಿರಬಹುದು, ಮೊಟ್ಟೆ ಸಿಕ್ಕಿಕೊಂಡಿರಬಹುದು. ಇಲ್ಲವೇ ಹಾವು ಕಡಿದಿರಬಹುದು. ಇವತ್ತೊಂದು, ನಾಳೆ ಎರಡು, ನಾಡಿದ್ದು ನಾಲ್ಕು ಎಂದು ಏರುತ್ತಾ ಹೋದರೆ ಅಂಟುರೋಗ. ಕೆಲವೇ ಗಂಟೆಗಳಲ್ಲಿ ಹಲವು ಉರುಳಿ, ಅದರಲ್ಲೂ ಗಟ್ಟಿಮುಟ್ಟಾಗಿ ಎಲ್ಲಕ್ಕಿಂತ ಮುಂದೆ ನುಗ್ಗಿ ತಿನ್ನುವ ಕೋಳಿಗಳೇ ಮೊದಲು ಹೋದರೆ ವಿಷ. ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರರ ಮೇಲೆ ಸತ್ತರೆ ಬಿಸಿಲು. ಈ ವಿಂಗಡಣೆ ನೂರಕ್ಕೆ ನೂರು ಸರಿಯಾಗಬೇಕೆಂದಿಲ್ಲ. ಆದರೂ ಮುಂದಿನ ಅರ್ಧ ಗಂಟೆಯಲ್ಲಿ ಏನು ಮಾಡಬೇಕು ಅನ್ನುವುದಕ್ಕೆ ದಾರಿ ಸಿಗುತ್ತದೆ.

ಕಾಯಿಲೆಯ ಸುಳಿವೇ ಇರಲಿಲ್ಲವಲ್ಲ?

ಇತ್ತು ಅನ್ನಿ, ಕಾಣಿಸಲಿಲ್ಲ. ಕೋಳಿ ಬೇಟೆಗೆ ಸಿಗುವ ಜೀವ. ಸೊರಗಿದ್ದು ಹೊರಗೆ ತೋರಿದರೆ ಹದ್ದಿಗೆ ಮೊದಲ ತುತ್ತು, ಹಿಂಡಿನೊಳಗೂ ಕುಕ್ಕಿಸಿಕೊಳ್ಳುವುದು ತಪ್ಪುವುದಿಲ್ಲ. ಹಾಗಾಗಿ ನಿಲ್ಲಲಾಗದ ಗಳಿಗೆಯವರೆಗೂ ಅದು ಚೆನ್ನಾಗಿರುವಂತೆಯೇ ಓಡಾಡಿಕೊಂಡಿರುತ್ತದೆ. ಪುಕ್ಕ ಮೈಯ ಸೊರಗನ್ನು ಮುಚ್ಚುತ್ತದೆ.

ನೋಡಿದರೆ ಸಾಲದು, ಹಿಡಿದು ನೋಡಬೇಕು. ರಾತ್ರಿ ಗೂಡಿನಲ್ಲಿ ಕೂತ ಕೋಳಿಯ ಎದೆಮೂಳೆಯ ಮೇಲೆ ಬೆರಳಾಡಿಸಿ. ಮೂಳೆ ಚೂಪಾಗಿ, ಎರಡೂ ಪಕ್ಕ ಮಾಂಸವಿಲ್ಲದೆ ಸಿಕ್ಕರೆ ಅದು ವಾರಗಳಿಂದ ಸೊರಗಿದೆ. ಕತ್ತಿನ ಬುಡದ ಗಂಟಲ ಚೀಲ ಸಂಜೆ ತುಂಬಿರಬೇಕು, ಬೆಳಗಿನ ಹೊತ್ತಿಗೆ ಖಾಲಿಯಾಗಿರಬೇಕು. ಬೆಳಿಗ್ಗೆಯೂ ಗಟ್ಟಿ ಉಂಡೆಯಂತಿದ್ದರೆ ನಾರೋ, ಪ್ಲಾಸ್ಟಿಕ್ಕೋ, ಹಗ್ಗದ ಎಳೆಯೋ ಸಿಕ್ಕಿಕೊಂಡಿದೆ. ಬಾಲದ ಕೆಳಗಿನ ಪುಕ್ಕಕ್ಕೆ ಹಸಿರು ಹಿಕ್ಕೆ ಮೆತ್ತಿದ್ದರೆ ಕೋಳಿ ಸರಿಯಾಗಿ ತಿನ್ನುತ್ತಿಲ್ಲ ಅಥವಾ ಜ್ವರವಿದೆ. ವಾರಕ್ಕೊಮ್ಮೆ ಇಷ್ಟು ಮಾಡುವವರ ಮನೆಯಲ್ಲಿ ‘ಇದ್ದಕ್ಕಿದ್ದಂತೆ’ ಸಾಯುವ ಕೋಳಿಗಳು ಕಡಿಮೆ.

ಸತ್ತಿದ್ದು ಎಲ್ಲಕ್ಕಿಂತ ದಪ್ಪಗಿದ್ದ, ಚೆನ್ನಾಗಿ ಮೊಟ್ಟೆ ಇಡುತ್ತಿದ್ದ ಹೇಂಟೆ. ಅದಕ್ಕೇನು ಕೊರತೆ ಮಾಡಿರಲಿಲ್ಲ.

ಕೊರತೆ ಮಾಡದ್ದೇ ತೊಂದರೆ ಆಗಿರಬಹುದು. ನಗರದ ತಾರಸಿ ಕೋಳಿಗಳಲ್ಲಿ ಈ ಸಾವು ಮಾಮೂಲು. ದಿನವಿಡೀ ಗೂಡಿನಲ್ಲೇ ಇರುತ್ತದೆ, ಕೆದಕಲು ಮಣ್ಣಿಲ್ಲ, ತಿನ್ನಲು ಮಾತ್ರ ಮಿಕ್ಕ ಅನ್ನ, ಬ್ರೆಡ್ಡು, ಮೆಕ್ಕೆಜೋಳದ ನುಚ್ಚು. ಕೊಬ್ಬೆಲ್ಲ ಹೊಟ್ಟೆಯಲ್ಲೂ ಲಿವರ್‌ನಲ್ಲೂ ಕೂರುತ್ತದೆ. ಒಂದು ದಿನ ಮೊಟ್ಟೆ ಇಡಲು ತಿಣುಕಿದಾಗಲೋ, ಗೂಡಿನಿಂದ ಧುಮುಕಿದಾಗಲೋ, ಸೆಕೆಗೋ ಲಿವರ್ ಬಿರಿಯುತ್ತದೆ. ಒಳಗೇ ರಕ್ತ ಸೋರಿ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ.

ಹೊರಗಿನ ಗುರುತು ಒಂದೇ: ಜುಟ್ಟು, ಮುಖ ಬಿಳಿಚಿಕೊಂಡಿರುತ್ತವೆ. ಕೊಯ್ದು ನೋಡಿದರೆ ಅನುಮಾನ ಉಳಿಯುವುದಿಲ್ಲ. ಬೆರಳು ದಪ್ಪ ಹಳದಿ ಕೊಬ್ಬು, ಅದರಡಿ ಹೊಟ್ಟೆ ತುಂಬ ಹೆಪ್ಪುಗಟ್ಟಿದ ರಕ್ತ. ಲಿವರ್ ತನ್ನ ಕಡುಗೆಂಪು ಬಿಟ್ಟು ಮಾಸಲು ಹಳದಿಗೆ ತಿರುಗಿರುತ್ತದೆ, ಬೆರಳಿಟ್ಟರೆ ಬೆಣ್ಣೆಯಂತೆ ಕುಸಿಯುತ್ತದೆ. ಇದು ಅಂಟುವ ರೋಗವಲ್ಲ. ಆದರೆ ಮಿಕ್ಕ ಕೋಳಿಗಳೂ ಅದನ್ನೇ ತಿನ್ನುತ್ತಿರುವುದರಿಂದ ಅವುಗಳ ಸರದಿಯೂ ಬರಬಹುದು. ಅನ್ನ ಕಡಿಮೆ ಮಾಡಿ, ಮೊಟ್ಟೆ ಕೋಳಿಯ ಆಹಾರ ಅಳತೆ ಮಾಡಿ ಹಾಕಿ, ಸೊಪ್ಪು ಕಟ್ಟಿ ತೂಗುಬಿಡಿ, ಓಡಾಡಲು ಬಿಡಿ.

ಮೊಟ್ಟೆಯಿಂದಲೇ ಕೋಳಿ ಸಾಯುತ್ತದೆಯೆ?

ಸಾಯುತ್ತದೆ. ಮೊಟ್ಟೆ ದಾರಿಯಲ್ಲೇ ಸಿಕ್ಕಿಕೊಂಡರೆ ಕೋಳಿ ಬಾಲ ಇಳಿಬಿಟ್ಟು, ಮೈ ನೆಟ್ಟಗೆ ಮಾಡಿ ನಿಂತು ತಿಣುಕುತ್ತದೆ, ಮತ್ತೆ ಮತ್ತೆ ಗೂಡಿಗೆ ಹೋಗಿಬರುತ್ತದೆ. ಆಗಲೇ ಕಂಡರೆ ಉಗುರು ಬೆಚ್ಚನೆಯ ನೀರಿನಲ್ಲಿ ಹಿಂಭಾಗ ಮುಳುಗುವಂತೆ ಇಪ್ಪತ್ತು ನಿಮಿಷ ಕೂರಿಸಿ, ಕತ್ತಲೆಯ ಜಾಗದಲ್ಲಿ ಬಿಡಿ. ಒಳಗೆ ಬೆರಳು ಹಾಕಿ ಮೊಟ್ಟೆ ಒಡೆಯುವ ಸಾಹಸ ಬೇಡ, ಚೂರು ಒಳಗೇ ಗೀರಿದರೆ ಕೋಳಿ ಉಳಿಯುವುದಿಲ್ಲ.

ಇನ್ನೊಂದು, ಭಂಡಾರವು, ಅಂದರೆ ಮೊಟ್ಟೆಯ ಹಳದಿ ಭಾಗ, ಗರ್ಭನಾಳಕ್ಕೆ ಸೇರದೆ ಹೊಟ್ಟೆಯೊಳಗೆ ಬಿದ್ದು ಕೊಳೆಯುವುದು. ಹೊಟ್ಟೆ ಊದಿ, ನಡಿಗೆ ಅಗಲವಾಗಿ, ಕೊನೆಗೆ ನಂಜೇರಿ ಸಾವು. ಎರಡು ವರ್ಷ ದಾಟಿದ, ವರ್ಷಕ್ಕೆ ಮುನ್ನೂರರ ಹತ್ತಿರ ಮೊಟ್ಟೆ ಇಡುವ ಫಾರಂ ತಳಿಗಳಲ್ಲಿ ಇದೂ, ಅಂಡಾಶಯದ ಗಡ್ಡೆಯೂ ಹೆಚ್ಚು. ಕಾವಿಗೆ ಕೂತು, ಮರಿ ಮಾಡಿ, ನಡುನಡುವೆ ಬಿಡುವು ಪಡೆಯುವ ನಾಟಿ ಹೇಂಟೆಗೆ ಈ ಕಾಟ ಕಡಿಮೆ.

ಸುಣ್ಣದಂಶವನ್ನು ಮರೆಯಬೇಡಿ. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಚಿಪ್ಪು ಗಟ್ಟಿಯಾಗಲು ಹತ್ತಿರ ಹತ್ತಿರ 20 ಗಂಟೆ ಹಿಡಿಯುತ್ತದೆ. ತಿಂದದ್ದರಲ್ಲಿ ಸಿಗದಿದ್ದರೆ ಕೋಳಿ ತನ್ನ ಮೂಳೆಯಿಂದಲೇ ಕಿತ್ತುಕೊಡುತ್ತದೆ. ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡಿ, ಬೇಕಾದಷ್ಟು ಅದೇ ಹೆಕ್ಕಿಕೊಳ್ಳುತ್ತದೆ.

ದಿನಕ್ಕಿಷ್ಟು ಅಂತ ಸಾಯುತ್ತಿವೆ. ಕೊಕ್ಕರೆ ರೋಗವೇ?

ಹಳ್ಳಿಯಲ್ಲಿ ಕೋಳಿ ಸತ್ತರೆ ಎಲ್ಲದಕ್ಕೂ ಇದೇ ಹೆಸರು. ತಪ್ಪೇನಲ್ಲ, ಲಸಿಕೆ ಕಾಣದ ಹಿಂಡು ಹೀಗೆ ಮಲಗಿದರೆ ಬಹಳ ಸಲ ಅದು ಕೊಕ್ಕರೆ ರೋಗವೇ, ಅಂದರೆ ರಾಣಿಖೇತ್. ಕುಮಾವೂಂ ಬೆಟ್ಟಗಳ ರಾಣಿಖೇತ್ ಊರಿನಲ್ಲಿ 1920ರ ದಶಕದ ಕೊನೆಗೆ ಗುರುತಾದ್ದರಿಂದ ನಮ್ಮ ದೇಶದಲ್ಲಿ ಈ ಹೆಸರು, ಹೊರಗೆ ನ್ಯೂಕ್ಯಾಸಲ್ ರೋಗ ಅನ್ನುತ್ತಾರೆ. ವೈರಸ್ ಮೈ ಸೇರಿ ಸಾಮಾನ್ಯವಾಗಿ ಐದಾರು ದಿನಕ್ಕೆ ರೋಗ ತೋರುತ್ತದೆ. ತೀವ್ರ ರೂಪದಲ್ಲಿ ಬಂದರೆ ಮೊದಲೆರಡು ಕೋಳಿ ಏನೂ ತೋರಿಸದೆ ಸಾಯುತ್ತವೆ. ಆಮೇಲಿನವು ಬಾಯಿ ತೆರೆದು ಉಸಿರೆಳೆಯುತ್ತವೆ, ಹಸಿರು-ಬಿಳಿ ಬೇಧಿ ಹಾಕುತ್ತವೆ. ಸಾಯದೆ ಉಳಿದವು ಕತ್ತು ತಿರುಚಿಕೊಂಡು, ಕಾಲೆಳೆದುಕೊಂಡು ಸುತ್ತುತ್ತವೆ.

ಮರಣೋತ್ತರ ಪರೀಕ್ಷೆಯಲ್ಲಿ ವೈದ್ಯರು ಮೊದಲು ಹುಡುಕುವ ಜಾಗ ಒಂದಿದೆ. ಕಾಳು ಅರೆಯುವ ಗಟ್ಟಿ ಗಿಜಾರ್ಡಿಗೆ ಮುಂಚೆ ಸಣ್ಣದೊಂದು ಜಠರ. ಅದನ್ನು ಉದ್ದಕ್ಕೆ ಸೀಳಿ ನೀರಲ್ಲಿ ಅಲುಬಿದರೆ ಒಳಗೋಡೆಯ ಮೇಲೆ ಸಾಸಿವೆ ಗಾತ್ರದ ಗುಬುಟುಗಳು ಕಾಣುತ್ತವೆ, ಅವುಗಳ ತುದಿಯಲ್ಲಿ ರಕ್ತದ ಚುಕ್ಕಿ. ಅದು ಕಂಡರೆ ರಾಣಿಖೇತ್ ಅನುಮಾನ ಗಟ್ಟಿಯಾಗುತ್ತದೆ. ಹಕ್ಕಿಜ್ವರದಲ್ಲೂ ಇಂಥ ಗುರುತು ಬರಬಹುದಾದ್ದರಿಂದ ಕೊನೆಯ ಮಾತು ಪ್ರಯೋಗಾಲಯದ್ದೇ.

ರೋಗ ಬರುವ ದಾರಿ ಬಹುಮಟ್ಟಿಗೆ ಸಂತೆಯದು. ಹಬ್ಬಕ್ಕೋ ಜಾತ್ರೆಗೋ ಅಂತ ತಂದ ಹುಂಜ ಎರಡು ದಿನ ನಮ್ಮ ಕೋಳಿಗಳ ಜೊತೆ ಮೇಯ್ದು ಸಾರಿಗೆ ಹೋಗುತ್ತದೆ. ಅದು ಬಿಟ್ಟುಹೋದದ್ದು ಮುಂದಿನ ವಾರ ಗೊತ್ತಾಗುತ್ತದೆ.

ಲಸಿಕೆ ಹಾಕಿಸಿಯೂ ಸತ್ತವಲ್ಲ?

ಹೇಗೆ ಹಾಕಿದಿರಿ ಅನ್ನುವುದರ ಮೇಲೆ ಹೋಗುತ್ತದೆ. ಮಾಮೂಲು ಕ್ರಮ ಹೀಗೆ: ಮರಿಯ 5ರಿಂದ 7ನೇ ದಿನದೊಳಗೆ ಎಫ್-1 ಅಥವಾ ಲಸೋಟಾ ಎಂಬ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕನೇ ವಾರದ ಹೊತ್ತಿಗೆ ಮತ್ತೊಮ್ಮೆ ಲಸೋಟಾ, ಎಂಟನೇ ವಾರದ ಹೊತ್ತಿಗೆ ಆರ್2ಬಿ ಚುಚ್ಚುಮದ್ದು. ಆರ್2ಬಿ ಗಟ್ಟಿ ಲಸಿಕೆ, ಎಳೆ ಮರಿಗೆ ಕೊಟ್ಟರೆ ಅದೇ ಮುಳುವು.

ಲಸಿಕೆ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಔಷಧಿ ಅಂಗಡಿಯಿಂದ ಅಂಗಿ ಜೇಬಿನಲ್ಲಿ ಮನೆಗೆ ಬಂದ ಬಾಟಲಿ ಬರಿ ನೀರಿಗೆ ಸಮ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ನಲ್ಲಿಯ ಕ್ಲೋರಿನ್ ನೀರಿನಲ್ಲಿ ಕಲಸಿದರೆ ಲಸಿಕೆಯ ವೈರಸ್ಸೇ ಸಾಯುತ್ತದೆ. ಇನ್ನೊಂದು ತೊಡಕು, ಬಾಟಲಿ ಬರುವುದೇ ನೂರಾರು ಕೋಳಿಗಳ ಲೆಕ್ಕದಲ್ಲಿ. ಆರು ಕೋಳಿಯವರು ಒಬ್ಬರೇ ತಂದರೆ ಮಿಕ್ಕದ್ದು ಚೆಲ್ಲಬೇಕು, ಅದಕ್ಕೇ ಯಾರೂ ತರುವುದಿಲ್ಲ. ಬೀದಿಯವರೆಲ್ಲ ಒಂದು ದಿನ ಗೊತ್ತುಮಾಡಿಕೊಂಡು, ಕತ್ತಲಾದ ಮೇಲೆ ಕೋಳಿ ಗೂಡಲ್ಲಿರುವಾಗಲೇ ಹಾಕಿಸುವುದು ಒಳ್ಳೆಯ ಉಪಾಯ. ಒಂದು ಮನೆಯ ಕೋಳಿಗೆ ಹಾಕಿ ಪಕ್ಕದ ಮನೆಯದನ್ನು ಬಿಟ್ಟರೆ ಕೆಲಸ ಅರ್ಧವೇ.

ರೋಗ ಕಾಲಿಟ್ಟ ಮೇಲೆ ಲಸಿಕೆ ಹುಡುಕುವುದು ತಡ. ಆಗಲೇ ವೈರಸ್ ಹೊತ್ತ ಕೋಳಿಗಳನ್ನು ಅದು ಉಳಿಸುವುದಿಲ್ಲ.

ಕೊಕ್ಕರೆ ರೋಗವಲ್ಲದೆ ಬೇರಾವುದು ಹೀಗೆ ತಟ್ಟನೆ ಕೊಲ್ಲುತ್ತದೆ?

ಕೋಳಿ ಕಾಲರಾ. ಬೆಳೆದ ಕೋಳಿಗೇ ಹೆಚ್ಚು, ಕೆಲವೊಮ್ಮೆ ಮೊಟ್ಟೆಯಿಡುವ ಗೂಡಿನಲ್ಲಿ ಕೂತಲ್ಲೇ ಸತ್ತಿರುತ್ತದೆ. ಜುಟ್ಟು ನೀಲಿಗಟ್ಟುತ್ತದೆ, ಗದ್ದದ ಜೋಲು ಊದುತ್ತದೆ, ಲಿವರ್ ಮೇಲೆ ಬಿಳಿ ಚುಕ್ಕೆಗಳು. ಇಲಿ, ಹೆಗ್ಗಣ ಇದನ್ನು ಹೊತ್ತು ತಿರುಗುತ್ತವೆ. ಲೂಯಿ ಪಾಶ್ಚರ್ 1880ರ ಸುಮಾರಿಗೆ ರೋಗಾಣುವಿನ ಕಸುವು ಕುಗ್ಗಿಸಿ ಲಸಿಕೆ ಮಾಡಬಹುದೆಂದು ತೋರಿಸಿದ್ದು ಇದೇ ಕೋಳಿ ಕಾಲರಾದ ಮೇಲೆ. ಕೋಳಿ ಟೈಫಾಯ್ಡ್ ಇನ್ನೊಂದು, ಅದರಲ್ಲಿ ಲಿವರ್ ಕಂಚಿನ ಬಣ್ಣಕ್ಕೆ ತಿರುಗುತ್ತದೆ. ಇವೆರಡೂ ಬ್ಯಾಕ್ಟೀರಿಯಾ, ಬೇಗ ಗೊತ್ತಾದರೆ ಔಷಧಕ್ಕೆ ಬಗ್ಗುತ್ತವೆ.

ಯಾರೂ ಲೆಕ್ಕಕ್ಕೆ ಹಿಡಿಯದ ಶತ್ರು, ರಕ್ತ ಹೀರುವ ಉಣ್ಣೆ ಹುಳು. ಹಗಲಲ್ಲಿ ಗೂಡಿಗೆ ಕೈ ಹಾಕಿ ಕೋಳಿಯ ಮೈ ತಡವಿದರೆ ಸಾಮಾನ್ಯವಾಗಿ ಒಂದೂ ಸಿಗುವುದಿಲ್ಲ. ರಾತ್ರಿ ಹತ್ತರ ಮೇಲೆ ಟಾರ್ಚ್ ಹಿಡಿದು, ಬಿದಿರ ಬುಟ್ಟಿಯ ಹೆಣಿಗೆಯ ಸಂದಿಗೆ, ಹಲಗೆಯ ಬಿರುಕಿಗೆ ಚಾಕುವಿನ ತುದಿ ಆಡಿಸಿ. ಚಪ್ಪಟೆ, ಬೂದುಗಂದು ಹುಳುಗಳು ಗುಂಪುಗುಂಪಾಗಿ ಹೊರಬೀಳುತ್ತವೆ. ರಕ್ತ ಕುಡಿದವು ನೀಲಿಗಪ್ಪಾಗಿ ಉಬ್ಬಿರುತ್ತವೆ. ರಾತ್ರಿಯೆಲ್ಲ ಹೀರಿ ಬೆಳಗಾಗುವಷ್ಟರಲ್ಲಿ ಸಂದಿ ಸೇರುವ ಇವು ವರ್ಷಗಟ್ಟಲೆ ಉಪವಾಸ ಇರಬಲ್ಲವು. ಕಾವಿಗೆ ಕೂತ ಹೇಂಟೆ ಏಳಲಾಗದೆ ರಕ್ತ ಬತ್ತಿ ಸಾಯುತ್ತದೆ. ಸಾಲದ್ದಕ್ಕೆ ಸ್ಪೈರೋಕೀಟ್ ಎಂಬ ರೋಗಾಣುವನ್ನೂ ಬಿಡುತ್ತವೆ: ಜ್ವರ, ಹಸಿರು ಹಿಕ್ಕೆ, ಸಾವು. ನೋಡುವವರಿಗೆ ಥೇಟ್ ಕೊಕ್ಕರೆ ರೋಗ. ಆದರೆ ಇದು ಪೆನಿಸಿಲಿನ್‌ಗೆ ವಾಸಿಯಾಗುತ್ತದೆ. ಹಳೆಯ ಬುಟ್ಟಿಯನ್ನು ಸುಟ್ಟುಬಿಡಿ. ಗೋಡೆಯ ಬಿರುಕು ಮುಚ್ಚಿ ಸುಣ್ಣ ಬಳಿಯಿರಿ.

ಹಕ್ಕಿಜ್ವರ ಇರಬಹುದೆ?

ಒಂದೆರಡು ಸಾವಿಗೆಲ್ಲ ಹಕ್ಕಿಜ್ವರ ಎಂದು ಗಾಬರಿಯಾಗಬೇಕಿಲ್ಲ. ಆದರೆ ಒಂದೆರಡು ದಿನದಲ್ಲಿ ಹಿಂಡಿಗೆ ಹಿಂಡೇ ಮಲಗಿದರೆ, ತಲೆ ಊದಿ, ಜುಟ್ಟು ಕಪ್ಪಿಟ್ಟು, ಕಾಲಿನ ಪೊರೆಯಡಿ ರಕ್ತ ಕಂದಿದ್ದರೆ, ಹತ್ತಿರದಲ್ಲೇ ಕಾಗೆ, ಕೊಕ್ಕರೆ, ಬಾತುಗಳೂ ಸಾಯುತ್ತಿದ್ದರೆ ಕೋಳಿಯನ್ನು ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ. ನಮ್ಮ ರಾಜ್ಯಕ್ಕೆ ಇದು ಹೊಸತಲ್ಲ. 2012ರಲ್ಲಿ ಹೆಸರಘಟ್ಟದ ಕೇಂದ್ರದಲ್ಲಿ ಟರ್ಕಿ ಕೋಳಿಗಳಲ್ಲಿ, 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ, ದಾವಣಗೆರೆ ಜಿಲ್ಲೆಯ ಬನ್ನಿಕೋಡಿನಲ್ಲಿ ದೃಢಪಟ್ಟಿತ್ತು. ಖಚಿತಪಡಿಸುವುದು ಭೋಪಾಲ್‌ನ ಕೇಂದ್ರ ಪ್ರಯೋಗಾಲಯ. ದೃಢವಾದರೆ ಸುತ್ತಲಿನ 1 ಕಿ.ಮೀ. ವ್ಯಾಪ್ತಿಯ ಕೋಳಿಗಳನ್ನು ಕೊಲ್ಲುತ್ತಾರೆ, ಪರಿಹಾರವೂ ಇದೆ. ‘ಹೇಳಿದರೆ ಎಲ್ಲವನ್ನೂ ಕೊಲ್ಲುತ್ತಾರೆ’ ಎಂದು ಮುಚ್ಚಿಡುವವರಿದ್ದಾರೆ. ಹಕ್ಕಿಜ್ವರವೇ ಆಗಿದ್ದರೆ ಮುಚ್ಚಿಟ್ಟರೂ ಆ ಕೋಳಿಗಳು ಉಳಿಯುವುದಿಲ್ಲ.

ಯಾರೋ ವಿಷ ಹಾಕಿದ್ದಾರೆ ಅನ್ನಿಸುತ್ತಿದೆ.

ಪಕ್ಕದವರ ಮೇಲೆ ಜಗಳಕ್ಕೆ ಹೋಗುವ ಮುಂಚೆ ಸುತ್ತಮುತ್ತ ಒಮ್ಮೆ ನೋಡಿ. ಬೇಕೆಂದೇ ಹಾಕಿದ ವಿಷಕ್ಕಿಂತ ತಾನಾಗಿ ಸಿಕ್ಕ ವಿಷವೇ ಹೆಚ್ಚು. ಬಿತ್ತನೆ ಕಾಲದಲ್ಲಿ ಔಷಧಿ ಬೆರೆಸಿದ ಕೆಂಪು, ನೀಲಿ ಬಣ್ಣದ ಮೆಕ್ಕೆಜೋಳ, ಕಡಲೆಬೀಜ ಹೊಲದಲ್ಲಿ ಚೆಲ್ಲಿರುತ್ತದೆ. ಗುಳಿಗೆ ರೂಪದ ಕೀಟನಾಶಕಗಳು ಇನ್ನೂ ಅಪಾಯ: ಕಾಳು ಅರೆಯಲು ಬೇಕಾದ ಹರಳುಕಲ್ಲೆಂದು ಕೋಳಿ ಅವನ್ನೇ ಹೆಕ್ಕುತ್ತದೆ. ಫೋರೇಟ್ 2020ರ ಕೊನೆಯಿಂದ ನಿಷೇಧವಾಗಿದೆ, ಆದರೂ ಅಟ್ಟದ ಮೇಲೆ ಹಳೇ ಪೊಟ್ಟಣ ಉಳಿದಿರಬಹುದು. ಮಲೆನಾಡಿನಲ್ಲಿ ಬಸವನಹುಳುವಿಗೆ ಇಟ್ಟ ಮದ್ದು, ಅಡಿಕೆಗೆ ಹೊಡೆಯಲು ಕಲಸಿದ ಬೋರ್ಡೋ ದ್ರಾವಣದ ತಳ, ಎಲ್ಲೆಡೆ ಇಲಿ ಪಾಷಾಣ. ಅಡುಗೆಮನೆಯನ್ನೂ ಬಿಡಬೇಡಿ. ಉಪ್ಪಿನಕಾಯಿಯ ಹಳೇ ರಸ, ಒಣಮೀನಿನ ಚೂರು ಒಟ್ಟಿಗೆ ತಿಂದು ಕುಡಿಯಲು ನೀರು ಸಿಗದಿದ್ದರೆ ಉಪ್ಪೇ ವಿಷ.

ವಿಷದಲ್ಲಿ ಗಂಟಲ ಚೀಲ ತುಂಬಿಯೇ ಇರುತ್ತದೆ. ತಿಂದದ್ದು ಅರಗುವುದರೊಳಗೆ ಪ್ರಾಣ ಹೋಗಿರುತ್ತದೆ. ಆ ಚೀಲವನ್ನು ನೀವು ಕೊಯ್ದು ಮೂಸಿ ನೋಡಬೇಡಿ. ಇಲಿ ಪಾಷಾಣದ ಜಿಂಕ್ ಫಾಸ್ಫೈಡ್ ಹೊಟ್ಟೆಯಲ್ಲಿ ಬಿಡುವ ಅನಿಲ ಮನುಷ್ಯರಿಗೂ ಕೆಟ್ಟದ್ದು. ಕೋಳಿಯನ್ನು ಹಾಗೆಯೇ ಪರೀಕ್ಷೆಗೆ ಒಯ್ಯಿರಿ, ಅನುಮಾನದ ಕಾಳಿದ್ದರೆ ಬೇರೆ ಪೊಟ್ಟಣದಲ್ಲಿ ಜೊತೆಗಿಡಿ.

ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಮುಗ್ಗಿದ ಜೋಳವೂ ವಿಷವೇ. ಅದರಲ್ಲಿನ ಆಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷ ಸಾಮಾನ್ಯವಾಗಿ ನಿಧಾನವಾಗಿ ಲಿವರ್ ಕೆಡಿಸುತ್ತದೆ. ‘ದನಕ್ಕೆ ಆಗಲ್ಲ, ಕೋಳಿಗೆ ಹಾಕು’ ಎನ್ನುವ ಮಾತು ನಮ್ಮಲ್ಲಿದೆ. ಕೋಳಿಗೂ ಆಗುವುದಿಲ್ಲ.

ಕತ್ತು ಎತ್ತಲಾಗದೆ ನೆಲಕ್ಕೆ ಚಾಚಿ ಮಲಗಿ, ಆಮೇಲೆ ಸತ್ತಿತು.

ಬಾಟ್ಯುಲಿಸಂ ಇರಬಹುದು. ತಿಪ್ಪೆಯ ಹಿಂದೆ, ಬೇಲಿಯ ಬುಡದಲ್ಲಿ ಸತ್ತ ಇಲಿಯೋ ಕೋಳಿಯೋ ಕೊಳೆತು ಹುಳುಬಿದ್ದಿದೆಯೇ ಹುಡುಕಿ. ಆ ಹುಳುಗಳಲ್ಲಿ ವಿಷ ಸೇರಿರುತ್ತದೆ, ಕೋಳಿಗೆ ಅವು ಹಬ್ಬ. ಕಾಲು, ರೆಕ್ಕೆ, ಕೊನೆಗೆ ಕತ್ತು ಜೋತುಬೀಳುತ್ತದೆ. ಆ ಹೆಣ ತೆಗೆದು ಹೂಳದೆ ಸಾವು ನಿಲ್ಲುವುದಿಲ್ಲ.

ಬಿಸಿಲಿಗೆ ಕೋಳಿ ಸಾಯುವುದು ನಿಜವೇ? ನಾಟಿ ಕೋಳಿ ಗಟ್ಟಿ ಅಲ್ಲವೇ?

ನಾಟಿಯದು ತಡೆಯುವ ಶಕ್ತಿ ಹೆಚ್ಚು, ನಿಜ. ಆದರೆ ಅದಕ್ಕೆ ಮರದ ನೆರಳಿಗೆ ಓಡುವ ಸ್ವಾತಂತ್ರ್ಯ ಇರಬೇಕು. ಕೋಳಿಯ ಮೈ ಬಿಸಿಯೇ 41-42 ಡಿಗ್ರಿ, ಬೆವರು ಗ್ರಂಥಿ ಇಲ್ಲ. ಬಾಯಿ ತೆರೆದು ಏದುಸಿರು ಬಿಡುವುದೇ ಮುಖ್ಯ ದಾರಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ತಗಡಿನ ಸೂರಿನಡಿ ಕೂಡಿಹಾಕಿದ ಕೋಳಿ ಸಂಜೆಗೆ ಸತ್ತಿದ್ದರೆ ರೋಗ ಹುಡುಕುವುದು ಬೇಡ. ತಗಡಿನ ಮೇಲೆ ಗರಿಯೋ ಹುಲ್ಲೋ ಹೊದಿಸಿ, ಒದ್ದೆ ಗೋಣಿ ಇಳಿಬಿಡಿ, ಮಡಕೆಯ ನೀರನ್ನು ಎರಡು ಮೂರು ಕಡೆ ಇಡಿ. ಕಾಳನ್ನು ಬೆಳಗಿನ ತಂಪಲ್ಲೂ ಸಂಜೆಯೂ ಹಾಕಿ. ಮಧ್ಯಾಹ್ನ ತಿಂದದ್ದು ಅರಗುವಾಗ ಮೈ ಬಿಸಿ ಇನ್ನೂ ಏರುತ್ತದೆ. ಏದುಸಿರು ಬಿಡುತ್ತಿರುವುದನ್ನು ಹಿಡಿದು ಕಾಲು, ಜುಟ್ಟು ನೀರಲ್ಲಿ ನೆನೆಸಿ, ಗಾಳಿಯಾಡುವ ನೆರಳಲ್ಲಿ ಬಿಡಿ.

ಮೈಮೇಲೆ ಗಾಯವೇ ಇಲ್ಲ. ಹಾವು, ಮುಂಗುಸಿಯ ಕೆಲಸ ಹೇಗಾದೀತು?

ಪುಕ್ಕದಡಿ ಗಾಯ ಕಾಣುವುದಿಲ್ಲ. ಕತ್ತು, ತಲೆಯ ಹಿಂಭಾಗ, ಬಾಲದ ಬುಡಕ್ಕೆ ನೀರು ಹಾಕಿ ಪುಕ್ಕ ಬಿಡಿಸಿ ನೋಡಿ. ಮುಂಗುಸಿ ಕತ್ತಿಗೇ ಬಾಯಿ ಹಾಕುತ್ತದೆ, ಸಿಕ್ಕರೆ ಒಂದಕ್ಕೇ ನಿಲ್ಲಿಸುವುದೂ ಇಲ್ಲ. ನಾಗರಹಾವು ಕಡಿದಲ್ಲಿ ಚರ್ಮದಡಿ ನೀಲಿಗಪ್ಪು ಕಂದು ಇರಬಹುದು. ಕಾವಿನ ಮೊಟ್ಟೆಗಳು ಮಾಯವಾಗಿ ಹೇಂಟೆ ಪಕ್ಕದಲ್ಲೇ ಸತ್ತಿದ್ದರೆ ಹಾವಿನ ಮೇಲೇ ಅನುಮಾನ. ಗೂಡಿಗೆ ಕೈ ಹಾಕುವ ಮೊದಲು ಕೋಲಾಡಿಸಿ. ಅದು ಇನ್ನೂ ಒಳಗೇ ಸುರುಳಿ ಸುತ್ತಿಕೊಂಡಿರಬಹುದು.

ಮರಿಗಳು ಮಾತ್ರ ಸಾಯುತ್ತಿವೆ.

ಮೊದಲ ವಾರವಾದರೆ ಚಳಿ. ತಾಯಿಯಿಲ್ಲದ ಮರಿಗೆ ಆಗ 32ರಿಂದ 35 ಡಿಗ್ರಿ ಕಾವು ಬೇಕು. ಇಲ್ಲದಿದ್ದರೆ ಒಂದರ ಮೇಲೊಂದು ಬಿದ್ದು ಅಡಿಯವು ಉಸಿರುಕಟ್ಟಿ ಸಾಯುತ್ತವೆ. ದೀಪಾವಳಿಯ ಪಟಾಕಿಗೆ ಬೆದರಿ ಮೂಲೆಗೆ ನುಗ್ಗಿದಾಗಲೂ ಹೀಗೇ. ಬೀದಿಯಲ್ಲಿ ಮಾರಲು ಬರುವ ಬಣ್ಣ ಬಳಿದ ಮರಿಗಳಂತೂ ಮನೆಗೆ ಬರುವಷ್ಟರಲ್ಲೇ ಅರ್ಧ ಜೀವ.

ಮೂರರಿಂದ ಆರು ವಾರದ ಮರಿ, ಮಳೆಗಾಲ, ಒದ್ದೆ ನೆಲ ಇವೆಲ್ಲ ಕೂಡಿದರೆ ರಕ್ತಭೇದಿ. ಹಿಕ್ಕೆಯಲ್ಲಿ ರಕ್ತ ಕಾಣುವ ಮೊದಲೇ ಕೆಲವು ಹೋಗಬಹುದು. ಇದಕ್ಕೆ ಆಂಪ್ರೋಲಿಯಂ ಎಂಬ ಔಷಧ ನೀರಲ್ಲಿ ಕೊಡುತ್ತಾರೆ, ಬೇಗ ಕೊಟ್ಟರೆ ಗುಣ ಕಾಣುತ್ತದೆ.

ಫಾರಂ ಬ್ರಾಯ್ಲರ್ ಮರಿ ತಂದು ಮೂರು ತಿಂಗಳು ಸಾಕಿದ್ದೆವು. ಓಡುತ್ತಿದ್ದದ್ದು ಹಾಗೇ ಮಗುಚಿತು.

ಹೃದಯ ನಿಂತಿದೆ. ಅದು ಆರು ವಾರಕ್ಕೆ ಕೊಯ್ಯಲೆಂದೇ ರೂಪಿಸಿದ ತಳಿ. ಮೈ ಬೆಳೆದಷ್ಟು ಹೃದಯ, ಶ್ವಾಸಕೋಶ ಬೆಳೆದಿರುವುದಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿಯೂ ಸಾಯುತ್ತವೆ. ನಿಮ್ಮ ಆರೈಕೆಯ ತಪ್ಪಲ್ಲ.

ಸತ್ತ ಕೋಳಿಯನ್ನು ಪರೀಕ್ಷೆ ಮಾಡಿಸುವುದು ಹೇಗೆ? ಒಂದು ಕೋಳಿಗೆ ಇಷ್ಟೆಲ್ಲ ಬೇಕೆ?

ಬೇಕು. ಸತ್ತ ಒಂದು ಕೋಳಿಗಾಗಿ ಅಲ್ಲ, ಉಳಿದವುಗಳಿಗಾಗಿ. ಮೇಲೆ ಹೇಳಿದ ಅರ್ಧಕ್ಕರ್ಧ ಕಾರಣಗಳು ಹೊರನೋಟಕ್ಕೆ ಒಂದೇ ಥರ ಕಾಣುತ್ತವೆ. ಹೊಟ್ಟೆ ತೆರೆದರೆ ಎಷ್ಟೋ ಸಲ ಹತ್ತು ನಿಮಿಷದಲ್ಲಿ ಬೇರೆ ಬೇರೆಯಾಗುತ್ತವೆ.

ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿ ಕೋಳಿಯನ್ನು ಎತ್ತಿ. ಪುಕ್ಕದೊಳಗೆ ಬಿಸಿ ಹಿಡಿದಿಟ್ಟುಕೊಂಡು ಹೆಣ ಬೇಗ ಕೊಳೆಯುತ್ತದೆ. ಅದಕ್ಕೇ ಸೋಪು ಹಾಕಿದ ತಣ್ಣೀರಿನಲ್ಲಿ ಪುಕ್ಕ ತೋಯುವ ಹಾಗೆ ಅದ್ದಿ ತೆಗೆದು, ಎರಡು ಚೀಲದಲ್ಲಿ ಕಟ್ಟಿ, ಐಸ್ ಜೊತೆ ಥರ್ಮೊಕೋಲ್ ಡಬ್ಬಿಯಲ್ಲಿಡಿ. ಫ್ರೀಜರಿನಲ್ಲಿ ಇಡಬೇಡಿ, ಹೆಪ್ಪುಗಟ್ಟಿ ಕರಗಿದ ಮಾಂಸವನ್ನು ಸೂಕ್ಷ್ಮದರ್ಶಕದಡಿ ಓದಲಾಗುವುದಿಲ್ಲ. 24 ಗಂಟೆಯೊಳಗೆ ತಲುಪಿಸಿ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಮೊದಲು ಕೇಳಿ. ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಇದೆ, ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯ ಕಾಲೇಜುಗಳೂ ಇವೆ. ಯಾರೂ ಸಿಗದಿದ್ದರೆ ಪಶುವೈದ್ಯ ಸಹಾಯವಾಣಿ 1962ಕ್ಕೆ ಕರೆ ಮಾಡಿ. ಜೊತೆಗೆ ಒಂದು ಚೀಟಿಯಲ್ಲಿ ವಯಸ್ಸು, ಎಷ್ಟು ಸತ್ತವು, ಯಾವ ಲಸಿಕೆ ಯಾವಾಗ, ಏನು ಆಹಾರ, ಹೊಸ ಕೋಳಿ ಬಂದಿತ್ತೇ ಎಂದು ಬರೆದಿಡಿ.

ಹೊಟ್ಟೆಯ ಚರ್ಮ ಹಸಿರಾಗಿದೆ, ಅದಕ್ಕೇ ವಿಷ ಎಂದು ಹಲವರು ವಾದಿಸುತ್ತಾರೆ. ಸೆಕೆಯಲ್ಲಿ ಸತ್ತ ಕೆಲವೇ ಗಂಟೆಗೆ ಎಲ್ಲ ಕೋಳಿಯ ಹೊಟ್ಟೆಯೂ ಹಸಿರಾಗುತ್ತದೆ. ಅದು ಕೊಳೆಯುವ ಬಣ್ಣ.

ಈಗಷ್ಟೇ ಸತ್ತಿದೆ, ಮೈ ಇನ್ನೂ ಬಿಸಿ ಇದೆ. ಸಾರು ಮಾಡಬಹುದೆ?

ಬೇಡ. ‘ಸಾಯೋ ಮುಂಚೆ ಕುಯ್ದುಬಿಡೋಣ’ ಎನ್ನುವುದೂ ಬೇಡ. ಕುದಿಸಿದರೆ ವೈರಸ್ ಸಾಯುತ್ತದೆ, ಒಪ್ಪೋಣ. ಆದರೆ ಕೀಟನಾಶಕ ಕುದಿಸಿದರೆ ಹೋಗುವುದಿಲ್ಲ. ಅಪಾಯ ಇರುವುದು ಉಣ್ಣುವುದಕ್ಕಿಂತ ಹೆಚ್ಚಾಗಿ ಕೊಯ್ಯುವಾಗ, ಪುಕ್ಕ ತರಿಯುವಾಗ. ಪುಕ್ಕ, ಕರುಳು ತಿಪ್ಪೆಗೆ ಬಿದ್ದು, ಅಲ್ಲಿಂದ ನಾಯಿ, ಕಾಗೆಯ ಬಾಯಲ್ಲಿ ಊರು ಸುತ್ತುತ್ತದೆ. ಮೂರಡಿ ಗುಂಡಿ ತೋಡಿ, ಸುಣ್ಣ ಹಾಕಿ, ಬಾವಿಯಿಂದ ದೂರ ಹೂಳಿ.

ಉಳಿದ ಕೋಳಿಗಳನ್ನು ಬೇಗ ಮಾರಿಬಿಡುವುದು ಒಳ್ಳೆಯದಲ್ಲವೇ?

ಕೊಕ್ಕರೆ ರೋಗ ಊರಿಂದೂರಿಗೆ ನಡೆಯುವುದೇ ಹೀಗೆ. ಸಾವು ಶುರುವಾದ ವಾರ ಸಂತೆಗೆ ಕೋಳಿ ಒಯ್ದವರು ಹತ್ತು ಊರಿನ ಕೋಳಿ ಕೊಂದಂತೆ. ಚೆನ್ನಾಗಿರುವುದನ್ನು ಬೇರೆ ಕಡೆ ಕೂಡಿಹಾಕಿ. ಮೊದಲು ಅವುಗಳಿಗೆ ಕಾಳು ನೀರು ಕೊಟ್ಟು, ಆಮೇಲೆ ಕಾಯಿಲೆಯವುಗಳ ಹತ್ತಿರ ಹೋಗಿ, ಕಡೆಗೆ ಚಪ್ಪಲಿ, ಕೈ ತೊಳೆಯಿರಿ.

ಮೆಡಿಕಲ್ ಶಾಪಿನ ಮಾತ್ರೆ ಪುಡಿಮಾಡಿ ನೀರಿಗೆ ಹಾಕಬಹುದೆ?

ಕೊಕ್ಕರೆ ರೋಗಕ್ಕೆ, ಹಕ್ಕಿಜ್ವರಕ್ಕೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಕಾಲರಾ, ಟೈಫಾಯ್ಡ್‌ಗೆ ಮಾಡುತ್ತದೆ, ಆದರೆ ಯಾವುದು, ಎಷ್ಟು ಎನ್ನುವುದು ವೈದ್ಯರ ಲೆಕ್ಕ. ಔಷಧಿ ಕೊಟ್ಟ ಕೋಳಿಯ ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದು ಎಂದೂ ಆಗಲೇ ಕೇಳಿಕೊಳ್ಳಿ. ವಿಷದ ಅನುಮಾನ ಇದ್ದರೂ ಉಳಿದವುಗಳ ಮೊಟ್ಟೆ ಸದ್ಯಕ್ಕೆ ಬೇಡ.

ಎಲ್ಲ ಸತ್ತವು. ಮತ್ತೆ ಯಾವಾಗ ತರಬಹುದು?

ಕಾರಣ ತಿಳಿದ ಮೇಲೆ. ಅಂಟುರೋಗವಾಗಿದ್ದರೆ ಹಿಕ್ಕೆ, ಹಾಸು ಎಲ್ಲ ಕೆರೆದು ಸುಟ್ಟು, ಗೂಡು ತೊಳೆದು, ಸುಣ್ಣ ಬಳಿದು, ಬಿಸಿಲಿಗೆ ಬಿಟ್ಟು ಒಂದೆರಡು ತಿಂಗಳು ಖಾಲಿ ಇಡಿ. ಹಕ್ಕಿಜ್ವರವಾಗಿದ್ದರೆ ಇಲಾಖೆ ಹೇಳುವವರೆಗೂ ತರುವಂತಿಲ್ಲ. ಉಣ್ಣೆಯಾಗಿದ್ದರೆ ಎಷ್ಟು ತಿಂಗಳು ಖಾಲಿ ಬಿಟ್ಟರೂ ಉಪಯೋಗವಿಲ್ಲ, ಅವು ಕಾಯುತ್ತಿರುತ್ತವೆ, ಗೂಡನ್ನೇ ಬದಲಿಸಿ. ಹೊಸ ಮರಿಯನ್ನು ಸಂತೆಯಿಂದ ತರುವ ಬದಲು ಲಸಿಕೆಯ ವಿವರ ಕೊಡುವ ಕೇಂದ್ರದಿಂದ ತನ್ನಿ. ಸಂತೆಯದೇ ಆದರೆ ಎರಡು ಮೂರು ವಾರ ಬೇರೆ ಇಟ್ಟು ನೋಡಿ, ಆಮೇಲೆ ಹಿಂಡಿಗೆ ಬಿಡಿ.